ನಕಾಶೆಯಲ್ಲಿ ಖಾಲಿ ಉಳಿದ ಊರು

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳಕ್ಕೆ 1884ರ ಮುಂಬಯಿ ಗ್ಯಾಝೆಟಿಯರ್ ಕೊಟ್ಟಿರುವುದು ಕೆಲವೇ ಸಾಲು. ಬಸರಕೋಡ ನಾಡಗೌಡರ ಪೂರ್ವಿಕ ಪರಮಣ್ಣ 1680ರ ಸುಮಾರಿಗೆ ಊರು ಕಟ್ಟಿಸಿದ, ಮಗ ಹುಚ್ಚಪ್ಪ 1720ರ ಹೊತ್ತಿಗೆ ಕೋಟೆ ಎಬ್ಬಿಸಿದ. ಆದಿಲಶಾಹಿ ಮುಗಿದದ್ದು 1686ರಲ್ಲಿ. ಔರಂಗಜೇಬ ತೀರಿಕೊಂಡದ್ದು 1707ರಲ್ಲಿ. ಮೇಲಿನ ಆಳಿಕೆ ಸಡಿಲಾದ ಆ ದಿನಗಳಲ್ಲಿ ನಾಡಗೌಡನೊಬ್ಬ ತನ್ನ ಊರಿಗೆ ತಾನೇ ಗೋಡೆ ಹಾಕಿಕೊಂಡದ್ದು ಸಹಜವೇ. ಆ ಗೋಡೆಯ ಒಳಗೆ ಯಾರ ಮನೆ ಎಲ್ಲಿತ್ತು, ಅಗಸಿ ಎಲ್ಲಿ ತೆರೆಯುತ್ತಿತ್ತು, ಪೇಟೆ ಎತ್ತ ಬೆಳೆಯಿತು? ನನಗೆ ಬೇಕಿದ್ದದ್ದು ಇಷ್ಟೇ.

ಕಾಗದಗಳು ಒಂದೆಡೆ ಇಲ್ಲ. 1760ರ ಉದಗೀರ ಕಾಳಗದ ನಂತರ ವಿಜಯಪುರದ ಸೀಮೆ ನಿಜಾಮನಿಂದ ಪೇಶ್ವೆಯರ ಕೈಗೆ ಬಂತು. ಹಾಗಾಗಿ ಆ ಕಾಲದ ಲೆಕ್ಕ ಹುಡುಕುವವರು ಪುಣೆಯ ಪೇಶ್ವೆ ದಫ್ತರದಲ್ಲಿ ಮೋಡಿ ಲಿಪಿಯ ರುಮಾಲುಗಳನ್ನು ಬಿಚ್ಚಬೇಕು. 1818ರ ಮೇಲೆ ವಿಜಯಪುರದ ಸುತ್ತಲ ಭಾಗ ಸಾತಾರದ ರಾಜರಿಗೆ ಹೋಗಿ, 1848ರಲ್ಲಿ ಕಂಪನಿಗೆ ಸೇರಿತು. 1852ರ ಕಾಯ್ದೆಯ ಪ್ರಕಾರ ಇನಾಮುಗಳ ತನಿಖೆ ನಡೆಯಿತು. ಜಿಲ್ಲಾ ಕಚೇರಿ ಮೊದಲು ಕಲಾದಗಿಯಲ್ಲಿತ್ತು. ಇಷ್ಟು ಕೈ ಬದಲಾದ ನಾಡಿನ ದಾಖಲೆ ಕೈಗೊಂದು ಕಟ್ಟಾಗಿ ಚದುರಿಹೋಗಿದೆ.

ಸರ್ವೆ ನಕಾಶೆಯಲ್ಲಾದರೂ ಊರು ಸಿಕ್ಕೀತೆಂದುಕೊಂಡಿದ್ದೆ. ಬ್ರಿಟಿಷರ ಕಂದಾಯ ಸರ್ವೆ ಬಹಳ ಶ್ರದ್ಧೆಯ ಕೆಲಸ. ಟಿಪ್ಪಣಿ ಪುಸ್ತಕದಲ್ಲಿ ಹೊಲದ ಒಂದೊಂದು ಮಗ್ಗುಲಿನ ಅಳತೆ, ಆಕಾರಬಂದಿನಲ್ಲಿ ಎಕರೆ, ಗುಂಟೆ, ಕಂದಾಯದ ಮೊತ್ತವಾದ ಆಕಾರ. ನಕಾಶೆಯಲ್ಲಿ ಹಳ್ಳ, ಬಾವಿ, ಬಂಡಿದಾರಿ ಎಲ್ಲಾ ಇವೆ. ನಡುವೆ ಊರಿರುವ ಜಾಗ, ಅಂದರೆ ಗಾಂವಠಾಣ, ಮಾತ್ರ ಬೋಳು. "ಗಾಂವಠಾಣಕ್ಕ ಆಕಾರ ಇಲ್ರಿ, ಅದನ್ಯಾಕ ಅಳೀತಾರ?" ಎಂದರು ಸರ್ವೆ ದಫ್ತರದಲ್ಲಿದ್ದ ಹಿರಿಯರು. ಅವರ ಮಾತಿನಲ್ಲಿ ಇಡೀ ಕಾರಣವಿತ್ತು. ತೆರಿಗೆ ಹುಟ್ಟುವ ನೆಲಕ್ಕೆ ನಂಬರು ಬಿತ್ತು, ಜನ ವಾಸಿಸುವ ನೆಲಕ್ಕೆ ಗೆರೆ ಬೀಳಲಿಲ್ಲ. ಕೋಟೆ, ವಾಡೆ, ಹುಡೇದ ಎಂಬ ಕಾವಲು ಬುರುಜು, ಚಾವಡಿ ಎಲ್ಲವೂ ಇದ್ದದ್ದು ಆ ಬೋಳು ಜಾಗದಲ್ಲೇ.

ಜಪಾನಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಬೇರೆ ರೀತಿ ಸಿಗುತ್ತದೆ. 1644ರಲ್ಲಿ ಅಲ್ಲಿಯ ಶೋಗುನ್ ಸರಕಾರ ಪ್ರತಿ ಪಾಳೆಯಗಾರನಿಂದ ಕೋಟೆ ಮತ್ತು ಕೋಟೆಪೇಟೆಯ ನಕಾಶೆ ತರಿಸಿಕೊಂಡಿತು. ಅವುಗಳಲ್ಲಿ 63 ಇಂದಿಗೂ ಟೋಕಿಯೋದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹತೋಟಿಯ ಉದ್ದೇಶವೇ ಇರಲಿ, ಬೀದಿಗಳು ಕಾಗದಕ್ಕೆ ಇಳಿದವು. ಹಗಿ ಎಂಬ ಊರನ್ನೇ ನೋಡಿ. ಸೆಕಿಗಹರಾ ಕಾಳಗದಲ್ಲಿ ಸೋತ ಪಕ್ಷದ ಮೋರಿ ಮನೆತನ 1604ರಲ್ಲಿ ಅಲ್ಲಿ ಕೋಟೆ ಕಟ್ಟತೊಡಗಿತು. 1874ರಲ್ಲಿ ಆ ಕೋಟೆಯನ್ನು ಕೆಡವಿದರು, ಉಳಿದದ್ದು ಕಲ್ಲಿನ ತಳ ಮತ್ತು ಕಂದಕ. ಆದರೂ ಹಳೆಯ ನಕಾಶೆ ಹಿಡಿದು ಇಂದೂ ಆ ಊರಲ್ಲಿ ಓಡಾಡಬಹುದು. ಸಂಬಳ ಕಳೆದುಕೊಂಡ ಸಮುರಾಯಿಗಳ ಹಿತ್ತಿಲುಗಳಲ್ಲಿ ನಾತ್ಸುಮಿಕಾನ್ ಎಂಬ ಹುಳಿಹಣ್ಣಿನ ಗಿಡ ಹಾಕಿದರು. ತೋಟವಾದ ನಿವೇಶನ ತುಂಡಾಗಲಿಲ್ಲ, ಮಣ್ಣಿನ ಗೋಡೆ ನಿಂತಿತು. 1975ರಲ್ಲಿ ಜಪಾನು ತನ್ನ ಕಾಯ್ದೆ ತಿದ್ದಿ ಇಡೀ ಕೇರಿಗಳಿಗೇ ರಕ್ಷಣೆ ಕೊಟ್ಟಿತು. ಮರುವರ್ಷವೇ ಹಗಿಯ ಎರಡು ಕೇರಿಗಳು ಆ ಪಟ್ಟಿಗೆ ಸೇರಿದವು. ನಮ್ಮ 1961ರ ರಾಜ್ಯ ಕಾಯ್ದೆ ಸ್ಮಾರಕ, ನಿವೇಶನ, ಅವಶೇಷಗಳನ್ನು ಕಾಯುತ್ತದೆ. ಜನ ಬದುಕುತ್ತಿರುವ ಓಣಿ ಅದರ ಕಣ್ಣಿಗೆ ಬೀಳುವುದು ಕಷ್ಟ.

ಜಿಲ್ಲೆಯ ಉಳಿದ ತಾಲೂಕುಗಳಲ್ಲೂ ಹುಡುಕಿದೆ. ಕಿತ್ತೂರು ಸಿಡಿದ 1824ರಲ್ಲೇ ಸಿಂದಗಿಯಲ್ಲಿ ದಿವಾಕರ ದೀಕ್ಷಿತ ಎಂಬಾತ ಜನ ಕೂಡಿಸಿ, ಊರು ಲೂಟಿ ಮಾಡಿ, ತನ್ನದೇ ಠಾಣೆ ಇಟ್ಟು ಕಂದಾಯ ವಸೂಲಿಗೂ ಏರ್ಪಾಡು ಮಾಡಿದ ಸಂಗತಿ ಬರಹದಲ್ಲಿ ಉಳಿದಿದೆ. ಬಂಡಾಯದ ವಿವರ ಬರೆದಿಟ್ಟ ಸರಕಾರಕ್ಕೆ ಆ ಬಂಡಾಯ ನಡೆದ ಓಣಿಯ ಗೊಡವೆ ಇರಲಿಲ್ಲ. ಬಸವನ ಬಾಗೇವಾಡಿಯಲ್ಲಿ ಬಸವಣ್ಣನವರ ಸ್ಮಾರಕವಿದೆ, ಭಕ್ತಿಯಿಂದ ಕಾಯುತ್ತಾರೆ. ಅದರ ಸುತ್ತಲ ಹಳೆಯ ಊರಿಗೂ ಆ ಕಾಳಜಿ ಹಬ್ಬಲಿ ಎಂಬುದು ನನ್ನ ಆಸೆ.

ಇಂಡಿ ತಾಲೂಕಿನ ಸಾಲೋಟಗಿ ನನ್ನನ್ನು ಹಿಡಿದು ನಿಲ್ಲಿಸಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನದಲ್ಲಿ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು, ಅವರು ಇಳಿದುಕೊಳ್ಳಲು 27 ಮನೆಗಳು ಬರುತ್ತವೆ. ಸಾವಿರ ವರ್ಷದ ಹಿಂದೆ ಮನೆ ಎಣಿಸಿ ಕಲ್ಲಿಗೆ ಬರೆದವರ ನಾಡಿದು.

2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಗಾಂವಠಾಣಗಳನ್ನು ಡ್ರೋನ್ ಬಿಟ್ಟು ಅಳೆಯಲಾಗುತ್ತಿದೆ. ಮನೆ ಮಾಲೀಕರಿಗೆ ಹಕ್ಕುಪತ್ರ ಕೊಡುವುದು ಅದರ ಗುರಿ. ಅಂತೂ ಆ ಬೋಳು ಜಾಗಕ್ಕೆ ಗೆರೆ ಬೀಳುತ್ತಿದೆ. ಆ ಗೆರೆಗಳ ಪಕ್ಕ ವಾಡೆಗೆ ವಾಡೆಯೆಂದು, ಹುಡೇದಕ್ಕೆ ಹುಡೇದವೆಂದು, ಅಗಸಿಗೆ ಅಗಸಿಯೆಂದು ಈಗಲೇ ಬರೆಯಬೇಕು. ಯಾವುದು ಯಾವುದೆಂದು ಕೈ ತೋರಿಸಿ ಹೇಳಬಲ್ಲವರು ಊರಲ್ಲಿ ಇನ್ನೂ ಇದ್ದಾರೆ. ಮುದ್ದೇಬಿಹಾಳದಂಥ ಪಟ್ಟಣ ಈ ಹಳ್ಳಿಗಳ ಯೋಜನೆಗೆ ಸೇರುವುದಿಲ್ಲ. ಅಲ್ಲಿ ಈ ಕೆಲಸವನ್ನು ಪುರಸಭೆಯೇ ಹೊತ್ತುಕೊಳ್ಳಬೇಕು.