ಹೆಂಚಿನ ಮಾಡೂ ಸಭೆಯ ಲೆಕ್ಕವೂ

ಮಂಗಳೂರು ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದನ್ನು ಕೇಳುತ್ತ ಬೆಳೆದವನು ನಾನು. ಆ ಹೆಂಚಿಗೂ ಕ್ರೈಸ್ತ ಸಭೆಯೊಂದರ ಬೆಳವಣಿಗೆಗೂ ಇರುವ ನಂಟು ನನಗೆ ತಿಳಿದದ್ದು ಬಹಳ ತಡವಾಗಿ, ಕಿಟೆಲರ ನಿಘಂಟಿನ ಹಿನ್ನೆಲೆಯನ್ನು ಅರಸಹೊರಟಾಗ.

1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಕಥೋಲಿಕ ಕ್ರೈಸ್ತರು ಅಲ್ಲಿ ಮೊದಲೇ ನೆಲೆಸಿದ್ದರು; ಇವರದು ಪ್ರಾಟೆಸ್ಟೆಂಟ್ ಪಂಥ. ಜನರ ನುಡಿಯನ್ನು ಕಲಿಯುವುದು, ಶಾಲೆ ತೆರೆಯುವುದು, ಸಂತೆ ಜಾತ್ರೆಗಳಲ್ಲಿ ಉಪದೇಶ ಮಾಡುವುದು, ಪುಸ್ತಕ ಹಂಚುವುದು, ಇವು ಅವರು ಹಿಡಿದ ದಾರಿಗಳು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂದಿತು. 1843ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಈ ಉದ್ಯಮದಿಂದ ಸಭೆಗಿಂತ ಕನ್ನಡವೇ ಹೆಚ್ಚು ಬೆಳೆಯಿತೆಂದರೆ ತಪ್ಪಾಗದು.

ಏಕೆಂದರೆ ಉಪದೇಶವನ್ನು ಕೇಳಿದವರೆಲ್ಲ ಸಭೆಗೆ ಸೇರಲಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ದೀಕ್ಷೆ ಪಡೆದಾಗ ಊರಿಗೆ ಊರೇ ಕದಡಿತು. ಆದರೆ ಸಭೆಗೆ ಹೆಚ್ಚಾಗಿ ಬಂದವರು ಬಿಲ್ಲವರು. ಅವರಲ್ಲಿ ಅನೇಕರ ಕಸುಬು ಮೂರ್ತೆ, ಎಂದರೆ ಕಳ್ಳು ಇಳಿಸುವುದು. ಆ ಕಸುಬು ಕ್ರೈಸ್ತನಿಗೆ ಸಲ್ಲದೆಂದು ಮಿಷನ್ ವಿಧಿಸಿತು. ಭೂತಾರಾಧನೆಯನ್ನು ಬಿಟ್ಟವನಿಗೆ ನೆಂಟರು ದೂರವಾದರು. ಒಕ್ಕಲಾಗಿದ್ದರೆ ಗೇಣಿಯ ಭೂಮಿಯೂ ಕೈಬಿಡುವ ಭಯ. ದೇವರನ್ನು ಬದಲಾಯಿಸಿದವನು ಅನ್ನದ ದಾರಿಯನ್ನೂ ಬದಲಾಯಿಸಬೇಕಾಯಿತು. ಅದನ್ನು ತೋರಿಸುವ ಹೊಣೆ ಕರೆದವರ ಮೇಲೆಯೇ ಬಿದ್ದಿತು.

ಹೀಗೆ ನೇಯ್ಗೆಯ ಮಗ್ಗಗಳು ಬಂದವು. 1865ರಲ್ಲಿ ಹೆಂಚಿನ ಕಾರ್ಖಾನೆ ಬಂದಿತು. ಕೂಲಿಯೊಡನೆ ಮರ್ಯಾದೆಯೂ ದೊರೆಯಿತು. ಆದರೆ ಒಂದು ಸಂಕಟವೂ ಜೊತೆಗೇ ಬಂದಿತು: ಈತ ಬಂದದ್ದು ವಿಶ್ವಾಸಕ್ಕೋ, ಕೆಲಸಕ್ಕೋ? ಹೊರಗಿನವರು ಮಾತ್ರವಲ್ಲ, ಮಿಷನರಿಗಳೂ ತಮ್ಮೊಳಗೆ ಈ ಪ್ರಶ್ನೆಯನ್ನು ಕೇಳಿಕೊಂಡರು. ಹಸಿದವನ ಮನಸ್ಸಿನಲ್ಲಿ ಇವೆರಡನ್ನು ಬೇರ್ಪಡಿಸುವ ತಕ್ಕಡಿ ಯಾರ ಬಳಿ ಇದೆಯೋ ನಾನರಿಯೆ.

ಅಷ್ಟರಲ್ಲಿ ಬೇರೆ ಬಾಗಿಲುಗಳೂ ತೆರೆದವು. 1870ರ ಸುಮಾರಿಗೆ ಬಿಲ್ಲವ ಮುಖಂಡರು ಕೆಲವರು ಬ್ರಾಹ್ಮಸಮಾಜದ ಕಡೆ ನೋಡಿದರು. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ತನ್ನದೇ ಗುಡಿಯಲ್ಲಿ ತಲೆಯೆತ್ತಿ ನಿಲ್ಲಬಲ್ಲವನಿಗೆ ಮಾನಕ್ಕಾಗಿ ಬೇರೆಡೆ ಹೋಗಬೇಕಾದ ಅಗತ್ಯ ಉಳಿಯಲಿಲ್ಲ.

ಕೊನೆಯ ಪರೀಕ್ಷೆಯನ್ನು ಒಡ್ಡಿದ್ದು 1914ರ ಮಹಾಯುದ್ಧ. ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಪರರ ಪಾಲಾದವು. ಅನ್ನಕ್ಕಾಗಿಯೇ ಕಟ್ಟಿದ ಸಭೆಯಾಗಿದ್ದರೆ ಅದು ಆಗಲೇ ಚದುರಬೇಕಿತ್ತು. ಚದುರಲಿಲ್ಲ. ಇಲ್ಲಿನ ಬೋಧಕರು, ಹಿರಿಯರು, ತಾಯಂದಿರು ಅದನ್ನು ಉಳಿಸಿಕೊಂಡರು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಮಂಗಳೂರಿನ ಕಡೆಯ ಈ ಸಭೆಗಳೂ ಅದರಲ್ಲಿ ಸೇರಿದವು.

ಸಭೆ ಬೆಳೆಯಿತೇ ಎಂದು ತಲೆಯೆಣಿಸಿ ಹೇಳುವುದು ಸುಲಭ. ಕರೆದವರು ಹೊರಟುಹೋದ ಮೇಲೆ ಎಷ್ಟು ಮಂದಿ ಉಳಿದರು ಎಂಬುದೇ ನಿಜವಾದ ಎಣಿಕೆಯೆಂದು ನನಗೆ ತೋರುತ್ತದೆ. ಈ ಮಾತು ಒಂದು ಮತಕ್ಕೆ ಮಾತ್ರ ಸಲ್ಲುವುದಲ್ಲ.