ಕನ್ಹೇರಿಯ ಕಲ್ಲಿನಲ್ಲಿ ನೃಪತುಂಗ: ಮುಂಬಯಿಯಲ್ಲಿ ಇತಿಹಾಸವನ್ನು ಅರಸುತ್ತ

ಮುಂಬಯಿ ಕನ್ನಡಿಗರಾದ ನಮ್ಮಲ್ಲಿ ಬಹುಮಂದಿಗೆ ಇತಿಹಾಸವೆಂದರೆ ರಜೆಯಲ್ಲಿ ಊರಿಗೆ ಹೋದಾಗ ನೋಡಿಬರುವ ವಸ್ತು. ಹಂಪಿ, ಬಾದಾಮಿ, ಬೇಲೂರು, ಮೂಡುಬಿದಿರೆ, ಇವೆಲ್ಲ ರೈಲಿನಿಂದ ಇಳಿದ ಮೇಲಿನ ಮಾತು. ದುಡಿಮೆಗೆಂದು ಬಂದ ಈ ನಗರ ವರ್ತಮಾನಕ್ಕೆ ಸೇರಿದ್ದು, ಹುಟ್ಟಿದ ನೆಲ ಗತಕ್ಕೆ ಸೇರಿದ್ದು ಎಂಬ ವಿಭಜನೆಯೊಂದು ತಲೆಮಾರುಗಳಿಂದ ನಮ್ಮೊಳಗೆ ಬೇರೂರಿದೆ. ಆದರೆ ಇಲ್ಲಿನ ಉಪನ್ಯಾಸ ಮಂದಿರಗಳಲ್ಲಿ ಕುಳಿತು, ವಸ್ತುಸಂಗ್ರಹಾಲಯಗಳಲ್ಲಿ ನಿಂತು, ಭಾನುವಾರದ ಬೆಳಗುಗಳಲ್ಲಿ ಗುಹೆ ಗುಡಿಗಳ ನಡುವೆ ನಡೆದಂತೆಲ್ಲ ಆ ವಿಭಜನೆ ಎಷ್ಟು ತೆಳುವಾದುದೆಂಬುದು ನಮಗೆ ಮನವರಿಕೆಯಾಗುತ್ತ ಬಂದಿದೆ. ಕನ್ನಡದ ಚರಿತ್ರೆಯ ಕೆಲವು ಪುಟಗಳು ಮುಂಬಯಿಯಲ್ಲೇ ಇವೆ. ಅವನ್ನು ತೆರೆದು ನೋಡಲು ಲೋಕಲ್ ರೈಲಿನ ಟಿಕೆಟು, ಒಂದು ರಜಾದಿನ ಮತ್ತು ತುಸು ಪೂರ್ವಸಿದ್ಧತೆ ಸಾಕು.

ಮೊದಲಿಗೆ ಕನ್ಹೇರಿಯನ್ನೇ ತೆಗೆದುಕೊಳ್ಳೋಣ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲಿನಿಂದ ಆರೇಳು ಕಿಲೋಮೀಟರ್ ಒಳಗೆ, ಕಾಡಿನ ನಡುವೆ, ಕರಿಕಲ್ಲಿನ ಬೆಟ್ಟವನ್ನು ಕೊರೆದು ಮಾಡಿದ ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳಿವೆ. ಕೃಷ್ಣಗಿರಿ ಎಂಬ ಹೆಸರೇ ಜನರ ನಾಲಗೆಯಲ್ಲಿ ಕನ್ಹೇರಿಯಾಗಿದೆ. ಕ್ರಿಸ್ತಶಕದ ಆರಂಭದ ಶತಮಾನಗಳಿಂದ ಸುಮಾರು ಸಾವಿರ ವರ್ಷ ಇಲ್ಲಿ ಭಿಕ್ಷುಗಳು ವಾಸಿಸಿದರು, ಕಲಿತರು, ಕಲಿಸಿದರು. ಮಲಗಲು ಕಲ್ಲಿನ ಜಗಲಿ, ಮಳೆನೀರು ಹಿಡಿಯಲು ಕಲ್ಲಿನ ತೊಟ್ಟಿ, ನೀರು ಹರಿದು ಬರಲು ಕಲ್ಲಿನ ಕಾಲುವೆ, ಎಲ್ಲವೂ ಅಲ್ಲಿ ಈಗಲೂ ಕಾಣಸಿಗುತ್ತವೆ. ಬಂದವರು ಚೈತ್ಯಗೃಹದ ಎತ್ತರದ ಬುದ್ಧಮೂರ್ತಿಗಳನ್ನು ನೋಡಿ, ಒಂದೆರಡು ಚಿತ್ರ ತೆಗೆದುಕೊಂಡು, ಬಿಸಿಲೇರುವ ಮೊದಲು ಇಳಿದುಬಿಡುತ್ತಾರೆ. ನಮಗೆ ಬೇಕಾದದ್ದು ಇರುವುದು ಗೋಡೆಯ ಅಕ್ಷರಗಳಲ್ಲಿ.

ಕನ್ಹೇರಿಯ ಅನೇಕ ಶಾಸನಗಳ ನಡುವೆ 9ನೆಯ ಶತಮಾನದ ಮೂರು ಶಾಸನಗಳು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸುತ್ತವೆ. ಶಕವರ್ಷ 765, 775 ಮತ್ತು 799 ಅವುಗಳ ಕಾಲ, ಕೊನೆಯದು ಕ್ರಿ.ಶ. 877ಕ್ಕೆ ಸಲ್ಲುತ್ತದೆ. ಅಮೋಘವರ್ಷನ ಅಧೀನದಲ್ಲಿ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರ ಪುಲ್ಲಶಕ್ತಿ ಹಾಗೂ ಅವನ ಮಗ ಕಪರ್ದಿ. ಶಾಸನಗಳ ವಿಷಯವಾದರೋ ಯುದ್ಧವಲ್ಲ, ವಿಜಯವಲ್ಲ. ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಗಳಿಗೆ ಕೊಟ್ಟ ದತ್ತಿ. ಒಂದರಲ್ಲಿ, ದೂರದ ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಉಪಾಸಕ ಧ್ಯಾನದ ಕೋಣೆಗಳಿಗೂ ಬಟ್ಟೆಗೂ ನೂರು ದ್ರಮ್ಮಗಳನ್ನು ಇರಿಸಿದ ಸಂಗತಿಯಿದೆ.

ಈ ಅಮೋಘವರ್ಷನೇ ನಮ್ಮ ನೃಪತುಂಗ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ, ಶ್ರೀವಿಜಯನ ಕೈಯಲ್ಲಿ, ಇದೇ ದಶಕಗಳಲ್ಲಿ. ಮಾನ್ಯಖೇಟದಲ್ಲಿ ಕನ್ನಡ ಕಾವ್ಯದ ಲಕ್ಷಣಗಳು ಚರ್ಚೆಯಾಗುತ್ತಿದ್ದಾಗ, ಅದೇ ರಾಜನ ಹೆಸರನ್ನು ಮುಂದಿಟ್ಟುಕೊಂಡು ಬೊರಿವಲಿಯ ಬೆಟ್ಟದಲ್ಲಿ ಒಬ್ಬ ವಂಗದೇಶೀಯ ಭಿಕ್ಷುಗಳ ಬಟ್ಟೆಗೆ ಹಣ ಕೊಡುತ್ತಿದ್ದ. ಪಠ್ಯಪುಸ್ತಕದಲ್ಲಿ 'ಕವಿರಾಜಮಾರ್ಗ'ದ ಹೆಸರನ್ನು ಉರು ಹೊಡೆದವರಿಗೆ ಈ ನೆರೆಹೊರೆಯ ಅರಿವು ಮೂಡಿದಾಗ ಆಗುವ ಪುಳಕವನ್ನು ಬೇರೆ ಮಾತಿನಲ್ಲಿ ವಿವರಿಸುವುದು ಕಷ್ಟ.

ಎರಡನೆಯ ದಾರಿ ಸಮುದ್ರದ್ದು. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ಘಾರಾಪುರಿ, ಅಂದರೆ ಎಲಿಫೆಂಟಾ. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ದ್ವೀಪದ ಮಹಾಗುಹೆ 6ನೆಯ ಶತಮಾನದ್ದೆಂದೂ, ಕಲಚುರಿಗಳ ಕಾಲದ್ದೆಂದೂ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಬಾದಾಮಿಯ ಗುಹೆಗಳನ್ನು ಕಂಡವರು ಇಲ್ಲಿನ ನಟರಾಜನ ಮುಂದೆ ನಿಂತರೆ ಎರಡನ್ನೂ ಹೋಲಿಸದೆ ಇರಲಾರರು. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿರುವುದರಿಂದ ಅದರ ಕಾಲ ಖಚಿತ. ಘಾರಾಪುರಿಯ ಗುಹೆಯಲ್ಲಿ ಅಂಥ ಶಾಸನವಿಲ್ಲ. ಆದ್ದರಿಂದಲೇ ಇದರ ಕಾಲದ ಬಗ್ಗೆ ನಡೆಯುವ ಉಪನ್ಯಾಸಗಳು ಸ್ವಾರಸ್ಯಕರ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನವು, ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ನೂರಾರು ಹಡಗುಗಳೊಂದಿಗೆ ಪುರಿ ಎಂಬ ಪಶ್ಚಿಮ ಸಮುದ್ರದ ನಗರವನ್ನು ಮುತ್ತಿದ್ದನ್ನು ಹೇಳುತ್ತದೆ. ಆ ಪುರಿ ಇದೇ ಘಾರಾಪುರಿಯೇ, ಅಥವಾ ದಕ್ಷಿಣದ ರಾಜಪುರಿಯೇ ಎಂಬ ಚರ್ಚೆ ಮುಗಿದಿಲ್ಲ. ಐಹೊಳೆಯ ಗುಡ್ಡದ ಮೇಲಿನ ಒಂದು ಸಾಲು ಮುಂಬಯಿಯ ಕಡಲನ್ನು ನೋಡುತ್ತಿರಬಹುದು ಎಂಬ ಸಾಧ್ಯತೆಯೇ ದೋಣಿಯ ಪ್ರಯಾಣಕ್ಕೆ ಬೇರೊಂದು ಅರ್ಥ ಕೊಡುತ್ತದೆ.

ದೋಣಿಯಿಂದ ಇಳಿದವರು ಹತ್ತು ನಿಮಿಷ ನಡೆದರೆ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ತೆರೆದ ಈ ಕಟ್ಟಡದ ಶಿಲ್ಪವಿಭಾಗದಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯ ಫಲಕಗಳಿವೆ. ಬ್ರಹ್ಮ, ಶೇಷಶಾಯಿಯಾದ ವಿಷ್ಣು, ಪಾರ್ವತಿಯೊಂದಿಗಿನ ಶಿವ. ಗುಡಿಯಲ್ಲಿದ್ದಾಗ ಕತ್ತೆತ್ತಿ ನೋಡಬೇಕಾಗಿದ್ದ ಈ ಚಾಲುಕ್ಯ ಶಿಲ್ಪಗಳನ್ನು ಇಲ್ಲಿ ಕಣ್ಣೆದುರೇ ಕಾಣಬಹುದು. ಆದರೆ ಐಹೊಳೆಯ ಆ ಛಾವಣಿ ಬರಿದಾಗಿದೆ. ಕಾಯ್ದಿಡುವುದಕ್ಕೂ ಕಿತ್ತು ತರುವುದಕ್ಕೂ ನಡುವಿನ ಗೆರೆ ಎಲ್ಲಿ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಬೈಕಲದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಅಂಗಳದಲ್ಲಿ ನಿಂತ ಕಲ್ಲಾನೆಯೂ ಅದೇ ಪ್ರಶ್ನೆಯನ್ನು ಕೇಳುತ್ತದೆ. ಪೋರ್ಚುಗೀಸರು ಘಾರಾಪುರಿಗೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಈ ಆನೆಯನ್ನು ನೋಡಿಯೇ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಹೊರಟಾಗ ಕ್ರೇನು ಮುರಿದು ಆನೆ ಒಡೆಯಿತು. ತುಂಡುಗಳನ್ನು ಜೋಡಿಸಿ ಇಲ್ಲಿ ನಿಲ್ಲಿಸಿದ್ದಾರೆ.

ಕಲ್ಲಿನ ಇತಿಹಾಸದಿಂದ ಕಾಗದದ ಇತಿಹಾಸಕ್ಕೆ ಬರೋಣ. ಫೋರ್ಟಿನ ಟೌನ್ ಹಾಲಿನಲ್ಲಿರುವ ಏಷ್ಯಾಟಿಕ್ ಸೊಸೈಟಿ 1804ರಲ್ಲಿ ಸ್ಥಾಪನೆಯಾದದ್ದು. ಇಂದಿಗೂ ಅಲ್ಲಿ ಇತಿಹಾಸ, ನಾಣ್ಯಶಾಸ್ತ್ರ, ಶಾಸನಶಾಸ್ತ್ರ ಕುರಿತ ಉಪನ್ಯಾಸಗಳು ನಡೆಯುತ್ತವೆ. ಕನ್ನಡ ಶಾಸನಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬನಾದ ಜಾನ್ ಫೇತ್‌ಫುಲ್ ಫ್ಲೀಟ್ 1867ರಲ್ಲಿ ಮುಂಬಯಿ ಪ್ರಾಂತದ ಅಧಿಕಾರಿಯಾಗಿ ಬಂದವನು. ತನ್ನ ಆರಂಭದ ಶಾಸನ ಲೇಖನಗಳಲ್ಲಿ ಹಲವನ್ನು ಈ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟಿಸಿದನು. ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವನ ಪುಸ್ತಕ 1882ರಲ್ಲಿ ಮುಂಬಯಿಯಲ್ಲೇ ಅಚ್ಚಾಯಿತು. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪುರಾಲೇಖಾಗಾರದಲ್ಲಿ ಹಳೆಯ ಮುಂಬಯಿ ಸರ್ಕಾರದ ಕಡತಗಳಿವೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳಿಗೆ 1956ರವರೆಗೆ ಮುಂಬಯಿಯೇ ರಾಜಧಾನಿಯಾಗಿತ್ತೆಂಬುದನ್ನು ನೆನೆದರೆ ಆ ಕಪಾಟುಗಳಲ್ಲಿ ಎಷ್ಟು ಕನ್ನಡ ಊರುಗಳ ಕಥೆ ಮಲಗಿದೆಯೆಂದು ಊಹಿಸಬಹುದು. 1824ರಲ್ಲಿ ಕಿತ್ತೂರು ಬ್ರಿಟಿಷರಿಗೆ ಎದುರು ನಿಂತಾಗ ಮುಂಬಯಿಯ ಗವರ್ನರಾಗಿದ್ದವನು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಅವನ ಅಮೃತಶಿಲೆಯ ಪ್ರತಿಮೆ ಟೌನ್ ಹಾಲಿನಲ್ಲಿದೆ. 2021ರಲ್ಲಿ ಕರ್ನಾಟಕ ಸರ್ಕಾರ 'ಮುಂಬಯಿ ಕರ್ನಾಟಕ'ವನ್ನು 'ಕಿತ್ತೂರು ಕರ್ನಾಟಕ'ವೆಂದು ಕರೆಯಿತು. ಹೆಸರು ಬದಲಾಗಿದೆ, ಕಡತಗಳು ಇಲ್ಲೇ ಇವೆ.

ಇನ್ನು ನಮ್ಮದೇ ಅಂಗಳಗಳು. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಶನ್, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ, ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇವು ಹಳಗನ್ನಡ, ಶಾಸನ, ವಚನ, ಯಕ್ಷಗಾನಗಳ ಕುರಿತು ಏರ್ಪಡಿಸುವ ಉಪನ್ಯಾಸಗಳ ಪ್ರಕಟಣೆ 'ಕರ್ನಾಟಕ ಮಲ್ಲ' ಪತ್ರಿಕೆಯಲ್ಲಿ ಕಾಣಸಿಗುತ್ತದೆ. 1951ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಈ ನಗರದಲ್ಲಿ ನಡೆದಾಗ ಅಧ್ಯಕ್ಷತೆ ವಹಿಸಿದವರು ಮಂಜೇಶ್ವರದ ಗೋವಿಂದ ಪೈಗಳು. ಕವಿಯಾಗಿದ್ದಷ್ಟೇ ಶ್ರದ್ಧೆಯಿಂದ ಶಾಸನಗಳ ಕಾಲನಿರ್ಣಯದಲ್ಲಿ ತೊಡಗಿದ್ದ ಸಂಶೋಧಕರು ಅವರು.

ಆದರೆ ಒಂದು ಕೊರತೆ ನಮ್ಮ ಕಣ್ಣಿಗೆ ಬಿದ್ದಿದೆ. ಫೋರ್ಟಿನ ಉಪನ್ಯಾಸಗಳಲ್ಲಿ ಕನ್ನಡಿಗರು ವಿರಳ. ಮಾಟುಂಗದ ಉಪನ್ಯಾಸಗಳಲ್ಲಿ ಯುವಕರು ವಿರಳ. ಫೆಬ್ರವರಿಯ ಕಾಲಾ ಘೋಡಾ ಕಲಾ ಉತ್ಸವದ ಪಾರಂಪರಿಕ ನಡಿಗೆಗೆ ನಮ್ಮ ಮಕ್ಕಳು ಹೋಗುತ್ತಾರೆ, ಅಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದು ಮನೆಯ ಕನ್ನಡಕ್ಕೆ ಇಳಿಯುವುದಿಲ್ಲ. ಸಂಘದ ಸಭೆಯಲ್ಲಿ ಹಿರಿಯರು ರಾಷ್ಟ್ರಕೂಟರ ಬಗ್ಗೆ ಕೇಳುತ್ತಾರೆ, ಬೊರಿವಲಿಯ ಬೆಟ್ಟವನ್ನು ಹತ್ತುವುದಿಲ್ಲ. ಎರಡೂ ಕಡೆ ಅರ್ಧರ್ಧ ಇತಿಹಾಸ ಉಳಿಯುತ್ತದೆ. ಇವನ್ನು ಕೂಡಿಸುವವರು ಬೇರೆ ಯಾರೂ ಇಲ್ಲ.

ಕೂಡಿಸುವಾಗ ಒಂದು ಎಚ್ಚರವೂ ಬೇಕು. ಕನ್ಹೇರಿಯಲ್ಲಿ ನೃಪತುಂಗನ ಹೆಸರನ್ನು ಕಂಡೊಡನೆ 'ಹಾಗಾದರೆ ಇದು ನಮ್ಮದು' ಎನ್ನುವ ಉದ್ಗಾರ ನಮ್ಮ ಕೆಲವು ಪ್ರವಾಸಗಳಲ್ಲಿ ಕೇಳಿಬಂದದ್ದುಂಟು. ಗಡಿವಿವಾದದ ಬಿಸಿಯಲ್ಲಿ ಬೆಳೆದವರಿಗೆ ಅದು ಸಹಜ. ಆದರೆ ಶಾಸನ ಹೇಳುವುದೇ ಬೇರೆ. ಅದರ ಭಾಷೆ ಸಂಸ್ಕೃತ, ದಾನಿ ಗೌಡದೇಶದವನು, ಪಡೆದವರು ಬೌದ್ಧ ಭಿಕ್ಷುಗಳು, ಆಳುತ್ತಿದ್ದವನು ಕೊಂಕಣದ ಸಾಮಂತ, ಅವನ ಮೇಲೆ ಕನ್ನಡದ ದೊರೆ. ಅದೇ ಬೆಟ್ಟದ ಇನ್ನೊಂದು ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದುಹೋದ ಪಾರ್ಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಬರೆದಿದ್ದಾರೆ. 'ಕವಿರಾಜಮಾರ್ಗ'ವೂ ಕನ್ನಡನಾಡಿನ ಮೇರೆಯನ್ನು ಕಾವೇರಿ ಗೋದಾವರಿಗಳಿಂದ ಗುರುತಿಸಿತೇ ಹೊರತು ದೊರೆಯ ಸಾಮ್ರಾಜ್ಯದುದ್ದಕ್ಕೂ ಎಳೆಯಲಿಲ್ಲ. ಹೊರಗಿನಿಂದ ಬಂದವರು ಇಲ್ಲಿ ನೆಲೆಯೂರಿ, ಈ ಊರಿಗೆ ಏನಾದರೂ ಕೊಟ್ಟು ಹೋಗುವುದು ಹನ್ನೆರಡು ಶತಮಾನಗಳ ಹಿಂದೆಯೂ ಇತ್ತೆಂಬುದಕ್ಕೆ ಕನ್ಹೇರಿ ಸಾಕ್ಷಿ. ವಲಸಿಗರಾದ ನಮಗೆ ಹಕ್ಕಿನ ಮಾತಿಗಿಂತ ಆ ಸಾಕ್ಷ್ಯ ಹೆಚ್ಚು ಬೆಲೆಬಾಳುವಂಥದು.

ನಾವು ಕೊಟ್ಟದ್ದರ ದಾಖಲೆ ಎಲ್ಲಿದೆ? ಹಗಲು ಹೋಟೆಲಿನಲ್ಲಿ ಮೇಜು ಒರೆಸಿ ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹುಡುಗರು, ಗಿರಣಿಯಲ್ಲಿ ದುಡಿದವರು, ಬಂದರಿನಲ್ಲಿ ದುಡಿದ ಮೊಗವೀರರು ಈ ನಗರವನ್ನು ಕಟ್ಟಿದವರಲ್ಲಿ ಸೇರಿದ್ದಾರೆ. ಅವರಿಗೆ ಯಾವ ವಸ್ತುಸಂಗ್ರಹಾಲಯದಲ್ಲೂ ಕೋಣೆಯಿಲ್ಲ. ಸಂಘಗಳ ಹಳೆಯ ನಡಾವಳಿ ಪುಸ್ತಕಗಳು, ರಾತ್ರಿಶಾಲೆಯ ಹಾಜರಿ ಪಟ್ಟಿಗಳು, ಯಕ್ಷಗಾನದ ಕರಪತ್ರಗಳು, ಊರಿಗೆ ಬರೆದ ಮನಿಯಾರ್ಡರಿನ ರಸೀದಿಗಳು ಕಟ್ಟಡಗಳ ಪುನರ್ನಿರ್ಮಾಣದ ಗಡಿಬಿಡಿಯಲ್ಲಿ ರದ್ದಿಯ ಅಂಗಡಿ ಸೇರುತ್ತಿವೆ. ನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಆ ಕಾಗದಗಳನ್ನು ಓದಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಕೃಷ್ಣಗಿರಿಯ ದಾನಿ ತನ್ನ ನೂರು ದ್ರಮ್ಮಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದರಿಂದ ನಮಗೆ ಗೊತ್ತಾಯಿತು. ನಮ್ಮವರು ಕಾಗದದಲ್ಲಿ ಬರೆದಿಟ್ಟರು, ಅದಕ್ಕೆ ಆಯುಷ್ಯ ಕಡಿಮೆ.

ಆದ್ದರಿಂದ ಓದುಗರಲ್ಲಿ ನಮ್ಮ ಬಿನ್ನಹ ಎರಡು. ಒಂದು, ಮಳೆ ನಿಂತ ಮೇಲೆ, ಸೋಮವಾರ ಹೊರತಾಗಿ ಯಾವ ದಿನವಾದರೂ (ಅಂದು ಉದ್ಯಾನಕ್ಕೂ ಘಾರಾಪುರಿಗೂ ರಜೆ), ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಕನ್ಹೇರಿಗೆ ಹೋಗಿ. ಹೋಗುವ ಮೊದಲು ಆ ಮೂರು ಶಾಸನಗಳ ಸಾರವನ್ನು ಕನ್ನಡದಲ್ಲಿ ಬರೆದುಕೊಂಡು, ಅಲ್ಲಿಯೇ ಗಟ್ಟಿಯಾಗಿ ಓದಿ. ಇನ್ನೊಂದು, ಮನೆಯ ಅಟ್ಟದಲ್ಲಿ, ಸಂಘದ ಕಪಾಟಿನಲ್ಲಿ ಹಳೆಯ ಕಾಗದಗಳಿದ್ದರೆ ಎಸೆಯುವ ಮೊದಲು ಒಂದೊಂದರ ಚಿತ್ರ ತೆಗೆದಿಡಿ. ಅವು ಯಾರವು, ಯಾವ ಕಾಲದವು ಎಂಬುದನ್ನು ಬಲ್ಲ ಹಿರಿಯರಿಂದ ಕೇಳಿ, ಚಿತ್ರದ ಜೊತೆಗೇ ಬರೆದಿಡಿ. ಮುಂದಿನ ಪ್ರದರ್ಶನವೊಂದಕ್ಕೆ ಅಷ್ಟು ಸಾಮಗ್ರಿ ಸಾಕು, ಮತ್ತು ಅದನ್ನು ಏರ್ಪಡಿಸಲು ನಮಗೆ ಸಭಾಂಗಣಗಳ ಕೊರತೆಯಿಲ್ಲ.