ಡಾಲಮೈಟ್ ಶಿಲೆಯ ಸಮಸ್ಯೆ

ಇಟಲಿಯ ಉತ್ತರದಲ್ಲಿ, ಆಲ್ಪ್ಸ್ ಪರ್ವತಗಳಿಗೆ ಸೇರಿದಂತೆ, ಬೆಳ್ಳನೆಯ ಶಿಖರಗಳ ಸಾಲೊಂದುಂಟು. ಒಂದು ಕಾಲದಲ್ಲಿ ಕಡಲ ತಳದಲ್ಲಿ ಶೇಖರವಾದ ದ್ರವ್ಯವೇ ಈಗ ಶಿಖರಗಳಾಗಿ ನಿಂತಿದೆ. ಫ್ರೆಂಚ್ ವಿದ್ವಾಂಸನಾದ ದೊಲೋಮಿಯು ಅಲ್ಲಿಯ ಕಲ್ಲನ್ನು ಕುರಿತು 1791ನೆಯ ಇಸವಿಯಲ್ಲಿ ಬರೆದನು. ನೋಟಕ್ಕೆ ಅದು ಸುಣ್ಣಕಲ್ಲಿನಂತೆಯೇ ಇದ್ದಿತು. ಆದರೆ ಆಮ್ಲವನ್ನು ಹನಿಸಿದರೆ ಸುಣ್ಣಕಲ್ಲಿನಂತೆ ನೊರೆಯುಕ್ಕಿಸಲಿಲ್ಲ. ಮರುವರ್ಷ ಥಿಯೊಡೋರ್ ಸೊಸ್ಯೂರನು ಆ ಶಿಲೆಗೆ ದೊಲೋಮಿಯುವಿನ ಹೆಸರನ್ನೇ ಇಟ್ಟನು. ಸುಣ್ಣಕಲ್ಲು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ಡಾಲಮೈಟಿನಲ್ಲಾದರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಪರಮಾಣುಗಳು ಒಂದರ ಮೇಲೊಂದು ಪದರವಾಗಿ ಸರದಿ ತಪ್ಪದೆ ಕುಳಿತಿರುತ್ತವೆ.

ಪ್ರಾಚೀನ ಶಿಲಾಸ್ತರಗಳಲ್ಲಿ ಡಾಲಮೈಟು ಹೇರಳ. ನಮ್ಮ ಬಾಗಲಕೋಟೆಯ ಕಡೆಯ ಕಲಾದಗಿ ಸ್ತರಗಳಲ್ಲಿಯೂ ಅದುಂಟು. ಆದರೆ ಇಂದಿನ ಕಡಲುಗಳಲ್ಲಿ ಅದು ಹುಟ್ಟುವುದು ಪರ್ಷಿಯನ್ ಕೊಲ್ಲಿಯ ಉಪ್ಪುಬಯಲುಗಳಂತಹ ಕೆಲವೇ ಎಡೆಗಳಲ್ಲಿ. ಕಡಲ ನೀರಿನಲ್ಲಿ ಮೆಗ್ನೀಷಿಯಮ್ಮಿಗೇನೂ ಬರವಿಲ್ಲ. ಇಂದು ನಡೆಯುವ ಕ್ರಿಯೆಗಳಿಂದಲೇ ಹಿಂದಿನದನ್ನು ಅರಿಯಬೇಕೆಂಬುದು ಹಟ್ಟನ್ ಮತ್ತು ಲಯೆಲರು ಭೂವಿಜ್ಞಾನಕ್ಕೆ ಹಾಕಿಕೊಟ್ಟ ದಾರಿ. ಆ ನಿಯಮಕ್ಕೇ ಇಲ್ಲಿ ಭಂಗ ಬಂದಂತಾಯಿತು.

ಹೆಚ್ಚಿನ ಶಾಖವಿದ್ದರೆ ಪ್ರಯೋಗಶಾಲೆಯಲ್ಲಿ ಡಾಲಮೈಟನ್ನು ಪಡೆಯುವುದು ಕಷ್ಟವಲ್ಲ. ಸಾಧಾರಣ ಶಾಖದಲ್ಲಿ ಮಾತ್ರ ಅದು ಒಲಿಯದು. ಅಮೆರಿಕದ ಲಿಂಟನ್ ಲ್ಯಾಂಡ್ ಎಂಬವರು ಸೂಕ್ತ ದ್ರಾವಣವನ್ನು 25 ಡಿಗ್ರಿ ಸೆಂಟಿಗ್ರೇಡಿನಲ್ಲಿ 32 ವರ್ಷಗಳ ಕಾಲ ಇಟ್ಟು ಕಾದರು. ಡಾಲಮೈಟಿನ ಒಂದು ಕಣವೂ ಮೂಡಲಿಲ್ಲವೆಂದು 1998ರಲ್ಲಿ ಪ್ರಕಟಿಸಿದರು. ಕೆಲವು ಸೂಕ್ಷ್ಮಜೀವಿಗಳ ನೆರವಿನಿಂದ ಅದು ಮೂಡಬಲ್ಲುದೆಂದು 1995ರ ವೇಳೆಗೆ ತೋರಿಬಂದಿದ್ದಿತು. ಆದರೂ ಬೆಟ್ಟಗಳಷ್ಟು ರಾಶಿಗೆ ಆ ಸಮಾಧಾನವೊಂದೇ ಸಾಲದೆನಿಸಿತು.

2023ರಲ್ಲಿ ಅಮೆರಿಕದ ಮಿಷಿಗನ್ ಮತ್ತು ಜಪಾನಿನ ಹೊಕೈಡೋ ವಿಶ್ವವಿದ್ಯಾನಿಲಯಗಳವರು ಹೊಸದೊಂದು ವಿವರಣೆಯನ್ನು ಮುಂದಿಟ್ಟರು. ಹರಳು ಬೆಳೆಯುವಾಗ ಎರಡು ಬಗೆಯ ಪರಮಾಣುಗಳೂ ಸಿಕ್ಕಿದ ಎಡೆಯಲ್ಲಿ ಅಂಟಿಕೊಳ್ಳುತ್ತವೆ. ಸರದಿ ಕೆಟ್ಟು ಬೆಳವಣಿಗೆ ನಿಲ್ಲುತ್ತದೆ. ಆದರೆ ಹೀಗೆ ತಪ್ಪಿ ಕುಳಿತ ಪರಮಾಣುಗಳ ಹಿಡಿತ ಸಡಿಲ. ಮಳೆಯಿಂದಲೋ ಉಬ್ಬರವಿಳಿತದಿಂದಲೋ ನೀರು ತಿಳಿಯಾದಾಗ ಮೊದಲು ಕರಗಿಹೋಗುವವು ಅವೇ. ನೀರು ಮತ್ತೆ ಗಡುಸಾದಾಗ ತೆರವಾದ ಸ್ಥಳದಲ್ಲಿ ಸರಿಯಾದ ಪದರ ಕೂರುವುದಕ್ಕೆ ಅವಕಾಶವಾಗುತ್ತದೆ. ಎಲೆಕ್ಟ್ರಾನ್ ಕಿರಣವನ್ನು ಎರಡು ಗಂಟೆಗಳಲ್ಲಿ 4000 ಸಲ ಮಿಡಿಸಿ, ಅಂತಹ ಕರಗುವಿಕೆಯನ್ನು ಅವರು ಕೃತಕವಾಗಿ ಉಂಟುಮಾಡಿದರು. ಹಿಂದೆ ಐದು ಪದರಗಳನ್ನು ಮೀರದಿದ್ದ ಬೆಳವಣಿಗೆ ಸುಮಾರು 300 ಪದರಗಳನ್ನು ಮುಟ್ಟಿತು.

ಇಷ್ಟರಿಂದ ಪ್ರತಿಯೊಂದು ಡಾಲಮೈಟ್ ಬೆಟ್ಟದ ಚರಿತ್ರೆಯೂ ತಿಳಿದುಬಂದಂತಲ್ಲ. ಎಷ್ಟೋ ಕಡೆ ಮೊದಲಿದ್ದ ಸುಣ್ಣಕಲ್ಲೇ, ಮೆಗ್ನೀಷಿಯಂ ತುಂಬಿದ ನೀರು ಒಳಹೊಕ್ಕು, ಮುಂದೆ ಡಾಲಮೈಟಾಗಿ ಮಾರ್ಪಟ್ಟಿದೆ. ಆದರೂ ಕಾದು ಕುಳಿತ 32 ವರ್ಷಗಳು ಏಕೆ ವ್ಯರ್ಥವಾದುವೆಂಬುದಕ್ಕೆ ಒಂದು ಕಾರಣ ದೊರೆತಿದೆ: ಆ ನೀರು ಅಲುಗದೆ ನಿಂತಿದ್ದಿತು. ಕರಗಿಸುವುದೂ ಕಟ್ಟುವ ಕೆಲಸದ ಒಂದಂಗವೆಂಬುದನ್ನು ಕಡಲು ಬಹುಕಾಲದ ಹಿಂದೆಯೇ ಅರಿತಿದ್ದಂತೆ ತೋರುತ್ತದೆ.